ಬೋರ್ ನೀರಾಗ ಮನಿ ಸೋಪಿನ ಪುಡಿ ನಡಿತೈತೇನ್ರಿ?

ಪ್ರಶ್ನೆ: ನಮಸ್ಕಾರ್ರಿ ಅಕ್ಕಾರ. ಮನ್ಯಾಗ ಐದು ಮಂದಿ, ನಮ್ಮ ಮನಿಯವರದು ಗ್ಯಾರೇಜ್ ಕೆಲಸ, ದಿನಾ ಎರಡು ಬಕೀಟು ಅರಬಿ ಬೀಳ್ತಾವು. ಸೋಪಿನ ಪುಡಿಗೇ ತಿಂಗಳಿಗೆ 500 ರೂಪಾಯಿ ಹೊಂಟಿದ್ವು, ಅದಕ್ಕ ಮೊಬೈಲ್‌ನ್ಯಾಗ ನೋಡಿ ಬಾರ್ ಸೋಪ್ ತುರದು, ವಾಷಿಂಗ್ ಸೋಡಾ, ಅಡಗಿ ಸೋಡಾ ಕಲಿಸಿ ಮನ್ಯಾಗ ಪುಡಿ ಮಾಡಿದೆ. ಮೊದಲನೇ ವಾರ ಚಲೋ ಅನಿಸ್ತು. ಈಗ ತಿಂಗಳಾತು, ಮಕ್ಕಳ ಬಿಳಿ ಯೂನಿಫಾರ್ಮ್ ಬೂದಿ ಬಣ್ಣಕ್ಕ ತಿರುಗ್ಯಾವು, ಟವೆಲ್ ಹಪ್ಪಳದಂಗ ಬಿರುಸಾಗ್ಯಾವು, ನೊರಿ ಅಂತೂ ಬರೂದೇ ಇಲ್ಲ. ನಮ್ದು ಬೋರ್ ನೀರು. ನಮ್ಮ ಅತ್ತಿಯವರು ರೊಕ್ಕ ಉಳಸಾಕ ಹೋಗಿ ಅರಬಿ ಕೆಡಿಸಿದಿ ಅಂತಾರ. ಎಲ್ಲಿ ತಪ್ಪಿದೆ ಹೇಳ್ರಿ.
(ಗೃಹಿಣಿ, ಬೆಟಗೇರಿ)

ಉತ್ತರ: ತಂಗಿ, ನಿಮ್ಮ ಸೋಪನ್ನ ನಿಮ್ಮ ಬೋರ್ ನೀರು ತಿನ್ನಾಕತ್ತೈತಿ, ಅರಬಿತನಕಾ ಅದು ಹೋಗೂದೇ ಇಲ್ಲ. ಸವಳ ನೀರಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಭಾಳ ಇರ್ತಾವು, ಬಾರ್ ಸೋಪ್ ಅವುಗಳ ಜೋಡಿ ಕೂಡಿ ಹಾಲು ಒಡದಂಗ ಒಡಿತೈತಿ, ಆ ಜಿಗಟು ಅರಬಿ ಎಳಿಯೊಳಗ ಕೂತು ಒಣಗಿದ ಮ್ಯಾಲೆ ಬೂದಿ ಬಣ್ಣ, ಬಿರುಸು, ಎಲ್ಲಾ ಅದರಿಂದನ.

ಎಷ್ಟು ತಿಂತೈತಿ ಅಂತ ಲೆಕ್ಕಾ ಹಾಕೂಣು. ಕುಡಿಯೂ ನೀರಿನ ಗಡಸುತನ, ಅಂದ್ರ ಈ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಳತಿ, ಲೀಟರಿಗೆ 200 ಮಿಲಿಗ್ರಾಂ ಒಳಗ ಇರಬೇಕು, ಬ್ಯಾರೆ ನೀರೇ ಇಲ್ಲಂದ್ರ 600 ತನಕಾ ನಡಿತೈತಿ ಅಂತ ನಮ್ಮ ದೇಶದ ಮಾನದಂಡ ಐತಿ. ನಿಮ್ಮ ಬೋರ್ 500 ಅಂತ ಹಿಡೀರಿ. 20 ಲೀಟರ್ ಬಕೀಟಿನ್ಯಾಗ 10 ಗ್ರಾಂ ಗಡಸುತನ ಆತು, ಒಂದು ಗ್ರಾಮಿಗೆ ಹೆಚ್ಚುಕಮ್ಮಿ 6 ಗ್ರಾಂ ಸೋಪ್ ಹಾಳಾಗ್ತೈತಿ, ಅಂದ್ರ 60 ಗ್ರಾಂ, ಅರಬಿ ಮುಟ್ಟೂಕಿಂತ ಮೊದಲ! ದಿನಾ ಎರಡು ಬಕೀಟು ಅಂದ್ರ ಯಾವ ಉಳಿತಾಯ ಆಗ್ತೈತಿ ತಂಗಿ? ಇಷ್ಟು ನೀರಿಗೆ ಸಾಲೂವಷ್ಟು ಸೋಡಾ ನಿಮ್ಮ ಪುಡ್ಯಾಗ ಇರಲಿಕ್ಕಿಲ್ಲ, ಇದ್ದರೂ ಸೋಪಿನ ಜೋಡಿನ ಬಿದ್ದರ ಅದು ಕೆಲಸ ಮಾಡೂದರೊಳಗ ಸೋಪ್ ಒಡದು ಹೋಗಿರ್ತೈತಿ.

ನಂಬಿಕಿ ಬರಲಿಲ್ಲಂದ್ರ ನಾ ಮಾಡಿದಂಗ ಮಾಡಿ ನೋಡ್ರಿ. ಹೋದ ಮಳಿಗಾಲದಾಗ ಎರಡು ಗಾಜಿನ ಬಾಟಲಿ ತಗೊಂಡು ಒಂದರಾಗ ಬೋರ್ ನೀರು, ಒಂದರಾಗ ಪತ್ರಾಸಿನಿಂದ ಹಿಡದ ಮಳಿ ನೀರು ತುಂಬಿ, ಎರಡಕ್ಕೂ ಅಷ್ಟಷ್ಟ ತುರದ ಸೋಪ್ ಹಾಕಿ ಅಲ್ಲಾಡಿಸಿದೆ. ಮಳಿ ನೀರಿಂದು ಕುತ್ತಿಗಿತನಕಾ ನೊರಿ. ಬೋರ್ ನೀರಿನ ಬಾಟಲ್ಯಾಗ ಬಿಳಿ ಚೂರು ತೇಲಾಕತ್ತಿದ್ವು, ಬೆರಳು ಹಾಕಿ ಗಾಜು ಒರಸಿದ್ರ ಕೆನಿ ಹತ್ತಿದಂಗ ಜಿಡ್ಡು ಬಂತು. ಅವತ್ತಿಂದ ನಮ್ಮ ಮನ್ಯಾಗ ಬಾರ್ ಸೋಪ್ ತುರಿಯೂದು ಬಂದ್.

ಈಗ ನೀವು ಮಾಡಬೇಕಾದ್ದು: ವಾಷಿಂಗ್ ಸೋಡಾ ಬಿಡಬ್ಯಾಡ್ರಿ, ಅದನ್ನ ಮೊದಲ ಹಾಕ್ರಿ. ಬಕೀಟು ನೀರಿಗೆ ಎರಡು-ಮೂರು ಚಹಾದ ಚಮಚ ಪುಡಿ ಸೋಡಾ ಹಾಕಿ ಕಲಿಸಿ ಒಂದು ತಾಸು ಬಿಡ್ರಿ, ನೀರು ಮೊದಲ ಮಬ್ಬಾಗಿ ಆಮ್ಯಾಲ ತಳಕ್ಕ ಸುಣ್ಣದಂಥಾ ಪುಡಿ ಕೂಡ್ತೈತಿ. ಮ್ಯಾಲಿನ ತಿಳಿ ನೀರಷ್ಟ ಬಗ್ಗಿಸ್ಕೊಂಡು ಅದರಾಗ ಅಂಗಡಿ ಪುಡಿ, ನೀವು ದಿನಾ ಹಾಕೂದರಾಗ ಅರ್ಧ ಹಾಕಿ ನೆನಸ್ರಿ. ಅಂಗಡಿ ಪುಡಿ ಡಿಟರ್ಜೆಂಟ್, ಅದು ಸೋಪಿನಂಗ ಒಡಿಯೂದಿಲ್ಲ. ನಿಮ್ಮ 500 ರೂಪಾಯಿ ಇಳಿಯೂದು ಇಲ್ಲಿಂದನ. ಅಡಗಿ ಸೋಡಾ ಅರಬಿಗೆ ದಂಡ, ಅದು ಇಡ್ಲಿಗೇ ಇರಲಿ.

ಸೋಡಾ ಕೊಳ್ಳೂವಾಗ ನೋಡಿ ಕೊಳ್ರಿ ಮತ್ತ. ಕಲ್ಲುಸಕ್ಕರಿಯಂಗ ಹರಳು ಇರೂ ಸೋಡಾದಾಗ ಹೆಚ್ಚುಕಮ್ಮಿ 63 ಪಾಲು ನೀರ ಇರ್ತೈತಿ, ಒಣಾ ಪುಡಿ 100 ಗ್ರಾಂ ಮಾಡೂ ಕೆಲಸಕ್ಕ ಹರಳು 270 ಗ್ರಾಂ ಬೇಕು. ಕಿಲೋ ದರ ಕಡಿಮಿ ಅಂತ ಹರಳು ತಂದ್ರ ನೀರಿಗೆ ರೊಕ್ಕ ಕೊಟ್ಟಂಗ. ಕೈಗೆ ಗ್ಲೌಸ್ ಹಾಕ್ಕೋರಿ, ಸೋಡಾ ಚರ್ಮ ಒಣಗಿಸಿ ಬೆರಳ ಸಂದಿ ಬಿರೀತಾವು.

ಕೆಟ್ಟ ಟವೆಲ್, ಯೂನಿಫಾರ್ಮಿಗೆ: ಅರ್ಧ ಬಕೀಟು ನೀರಿಗೆ ಒಂದು ಲೋಟ ಬಿಳಿ ವಿನೆಗರ್ ಹಾಕಿ ಒಂದು ತಾಸು ನೆನಸಿ, ಚಲೋತ್ನಂಗ ಜಾಲಿಸಿ, ಆಮ್ಯಾಲ ಸೋಡಾ ಹಾಕಿದ ಬಿಸಿ ನೀರಾಗ ಪುಡಿ ಹಾಕಿ ಒಗೀರಿ. ಒಂದ ಸಲಕ್ಕ ಪೂರಾ ಹೋಗೂದಿಲ್ಲ, ಎರಡು-ಮೂರು ಸಲ ಬೇಕು. ವಿನೆಗರ್, ಬ್ಲೀಚಿಂಗ್ ಎರಡೂ ಒಂದ ಬಕೀಟಿಗೆ ಯಾವತ್ತೂ ಹಾಕಬ್ಯಾಡ್ರಿ, ಕ್ಲೋರಿನ್ ಗಾಳಿ ಎದ್ದು ಉಸುರು ಕಟ್ಟತೈತಿ. ಗ್ಯಾರೇಜಿನ ಅಂಗಿಗೆ ನೆನಸೂಕಿಂತ ಮೊದಲ ಪುಡೀನ ಗಟ್ಟಿಯಾಗಿ ಕಲಿಸಿ ಗ್ರೀಸ್ ಕಲಿಗೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತಿಕ್ರಿ.

ನಳಕ್ಕ ಹೊಳಿ ನೀರು ಬಂದ ದಿನ, ಇಲ್ಲಾ ಮಳಿ ನೀರು ಹಿಡದಾಗ ನಿಮ್ಮ ಮನಿ ಪುಡಿ ಧಾರಾಳ ವಾಪರಿಸ್ರಿ, ಒಂದು ಪಾಲು ತುರದ ಸೋಪಿಗೆ ಎರಡು ಪಾಲು ಸೋಡಾ. ಮಾಡಿಟ್ಟದ್ದು ಚೆಲ್ಲಬ್ಯಾಡ್ರಿ. ಅತ್ತಿಯವರಿಗೂ ಆ ಬಾಟಲಿ ತೋರಸ್ರಿ, ನೀವು ಮನಿ ಸಲುವಾಗಿ ಇಷ್ಟು ಕಷ್ಟಪಟ್ಟೀರಿ, ಅದು ಅವರಿಗೂ ತಿಳೀಲಿ.

ಪ್ರಶ್ನೆ: ನಮ್ಮ ಸಂಘದಾಗ ಹತ್ತು ಮಂದಿ ಹೆಣ್ಮಕ್ಕಳು ಆ್ಯಸಿಡ್ ಸ್ಲರಿ ತಂದು ಪುಡಿ ಮಾಡಿ ಹಂಚ್ಕೋಬೇಕು ಅಂತ ಅದೀವಿ. ಮನ್ಯಾಗ ಮಾಡಬಹುದೇನ್ರಿ?
(ಹಾವೇರಿ)

ಉತ್ತರ: ಅಡಗಿ ಮನ್ಯಾಗ ಬ್ಯಾಡ್ರೀ ಅಕ್ಕಾರ. ಸ್ಲರಿ ಅಂದ್ರ ಡಿಟರ್ಜೆಂಟ್ ಮಾಡೂ ಮೂಲ ಮಾಲು, ಭಾಳ ಖಡಕ್ ಆ್ಯಸಿಡ್, ಕಣ್ಣಿಗೆ ಸಿಡದ್ರ ಕಣ್ಣ ಹೋಗಬಹುದು. ಸೋಡಾ ಜೋಡಿ ಕಲಿಸಿದ್ರ ಬಿಸಿಯಾಗಿ ಬುರ್ರಂತ ಉಕ್ಕತೈತಿ. ಮೊದಲ ಕಲತವರ ಕೂಡ ಕುಂತು ಎರಡು ಸಲ ನೋಡ್ರಿ. ಮಾಡೂದಾದ್ರ ಬಯಲಾಗ, ಪ್ಲಾಸ್ಟಿಕ್ ಟಬ್ಬಿನ್ಯಾಗ, ಗ್ಲೌಸು ಚಷ್ಮಾ ಹಾಕ್ಕೊಂಡು, ಸೋಡಾದ ಮ್ಯಾಲೆ ಸ್ಲರಿ ಸ್ವಲ್ಪ ಸ್ವಲ್ಪ ಹಾಕ್ರಿ, ಅಲ್ಯುಮಿನಿಯಂ ಬೋಗುಣಿ ಹತ್ರ ತರಬ್ಯಾಡ್ರಿ, ಮಕ್ಕಳನ್ನೂ ಅಷ್ಟ.

ಪ್ರಶ್ನೆ: ರೇಷ್ಮಿ ಸೆರಗಿನ ಇಳಕಲ್ ಸೀರಿಗೆ ವಾಷಿಂಗ್ ಸೋಡಾ ಹಾಕಿದ ನೀರು ನಡಿತೈತೇನ್ರಿ?
(ಧಾರವಾಡ)

ಉತ್ತರ: ಬ್ಯಾಡ. ಸೋಡಾ ರೇಷ್ಮಿ, ಉಣ್ಣಿ ಎರಡನ್ನೂ ತಿಂತೈತಿ. ಐದಾರು ಅಂಟವಾಳಕಾಯಿ ಬೀಜ ತಗದು ರಾತ್ರಿ ನೆನಸಿ, ಮುಂಜಾನೆ ಕಿವಿಚಿ ಸೋಸಿ, ಆ ನೀರನ್ನ ತಣ್ಣೀರಿಗೆ ಕಲಿಸಿ ಸೀರಿ ಅದ್ದಿ ತಗೀರಿ. ತಿಕ್ಕಬ್ಯಾಡ್ರಿ, ಹಿಂಡಬ್ಯಾಡ್ರಿ. ಮೊದಲ ಸೆರಗಿನ ತುದಿ ಒಂದಿಷ್ಟು ಒದ್ದಿ ಮಾಡಿ ಬಿಳಿ ಅರಬಿ ಒತ್ತಿ ನೋಡ್ರಿ, ಕೆಂಪ ಬಣ್ಣ ಹತ್ತಿದ್ರ ಆ ಸೀರಿ ಮನ್ಯಾಗ ನೀರಿಗೆ ಹಾಕೂದ ಬ್ಯಾಡ, ಡ್ರೈಕ್ಲೀನಿಂಗ್‌ಗೆ ಕೊಡ್ರಿ.