ಪಕ್ಕದ ಮನೆಯ ನಾಯಿ, ನಮ್ಮ ಮನೆಯ ಕುರಿ

ಈ ಸಲ ಪತ್ರಗಳ ಕಟ್ಟು ಬಿಚ್ಚಿದರೆ ಅದರಲ್ಲಿ ನಾಯಿಗಳದ್ದೇ ದರ್ಬಾರು. ಹಾಗಾಗಿ ಮೇವಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿ ಇವನ್ನೇ ಎತ್ತಿಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಕೇಳಿದ್ದಾರೆ. ದಿನಾ ಮುಖ ನೋಡಬೇಕಾದ ನೆರೆಮನೆಯವರ ವಿಷಯ ಅಲ್ವಾ, ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ನಮ್ಮದು 22 ಕುರಿಗಳ ಸಣ್ಣ ಮಂದೆ. ಪಕ್ಕದ ಜಮೀನಿನವರು ಎರಡು ನಾಯಿ ಸಾಕಿದ್ದಾರೆ, ರಾತ್ರಿ ಬಿಚ್ಚಿ ಬಿಡುತ್ತಾರೆ. ಬೆಳಗಿನ ಜಾವ ಅವು ಬಂದು ಕುರಿಗಳನ್ನು ಅಟ್ಟಾಡಿಸುತ್ತವೆ. ಕಚ್ಚಿದ್ದನ್ನು ನಾನು ನೋಡಿಲ್ಲ. ಆದರೆ ಹೋದ ವಾರ ಹೀಗೆ ಓಡಿಸಿದ ಮೂರನೇ ದಿನ ತುಂಬು ಗಬ್ಬದ ಕುರಿಯೊಂದು ಕಂದು ಹಾಕಿತು, ಅಂದರೆ ಗರ್ಭಪಾತವಾಯಿತು. ಹೇಳಲು ಹೋದರೆ 'ನಮ್ಮ ನಾಯಿಗಳು ಬೆಕ್ಕಿನ ತಂಟೆಗೂ ಹೋಗುವುದಿಲ್ಲ' ಎಂದು ನಗುತ್ತಾರೆ. ಬರೀ ಓಡಿಸಿದ್ದಕ್ಕೆ ಕುರಿ ಕಂದು ಹಾಕುತ್ತದಾ? ಇವರನ್ನು ಒಪ್ಪಿಸುವುದು ಹೇಗೆ?

ಉತ್ತರ: ಹಾಕುತ್ತದೆ. ಹೆದರಿ ಓಡಿದ ಗಬ್ಬದ ಕುರಿ ಅವತ್ತೇ ಅಲ್ಲ, ಎಷ್ಟೋ ಸಲ ಕೆಲವು ದಿನ ಕಳೆದ ಮೇಲೆ ಕಂದು ಹಾಕುತ್ತದೆ. ಮೈಮೇಲೆ ಗಾಯ ಇರುವುದಿಲ್ಲ, ಹಾಗಾಗಿ ಆ ನಷ್ಟವನ್ನು ಯಾರೂ ನಾಯಿಯ ಲೆಕ್ಕಕ್ಕೆ ಬರೆಯುವುದಿಲ್ಲ. ಇನ್ನೂ ಕೆಟ್ಟದ್ದು ದೊಡ್ಡಿಯ ಮೂಲೆ. ಅಟ್ಟಿಸಿಕೊಂಡ ಕುರಿಗಳು ಒಂದೇ ಮೂಲೆಗೆ ನುಗ್ಗಿ, ಒಂದರ ಮೇಲೊಂದು ಬಿದ್ದು, ಅಡಿಯಲ್ಲಿ ಸಿಕ್ಕಿದವು ಉಸಿರುಕಟ್ಟಿ ಸಾಯುವುದುಂಟು. ನಾಯಿಯ ಹಲ್ಲು ಒಂದಕ್ಕೂ ತಾಗಿರುವುದಿಲ್ಲ.

ಆದರೆ ಇದನ್ನೂ ಹೇಳಬೇಕು. ಕಂದು ಹಾಕಲು ನಾಯಿಯೊಂದೇ ಕಾರಣವಲ್ಲ, ಸೋಂಕುಗಳೂ ಬೇಕಾದಷ್ಟಿವೆ. ಮುಂದೆ ಹೀಗಾದರೆ ಕಂದನ್ನೂ ಮಾಸನ್ನೂ (ಕಂದಿನ ಜೊತೆ ಬೀಳುವ ಕಸ) ಪಶುವೈದ್ಯರಿಗೆ ತೋರಿಸಿ. ಬರಿಗೈಯಲ್ಲಿ ಮುಟ್ಟಬೇಡಿ, ಬಸುರಿಯರಂತೂ ಹತ್ತಿರವೇ ಹೋಗಬಾರದು, ಆ ಸೋಂಕುಗಳಲ್ಲಿ ಕೆಲವು ಮನುಷ್ಯರಿಗೂ ಹತ್ತುತ್ತವೆ. ಸೋಂಕು ಇಲ್ಲ ಎಂದು ವೈದ್ಯರು ಬರೆದುಕೊಟ್ಟರೆ ನಿಮ್ಮ ಮಾತಿಗೂ ತೂಕ ಬರುತ್ತದೆ.

ಇನ್ನು ನಿಮ್ಮ ನೆರೆಯವರು. ಹೆತ್ತವರಿಗೆ ಹೆಗ್ಗಣ ಮುದ್ದು. ಅವರು ಸುಳ್ಳು ಹೇಳುತ್ತಿಲ್ಲ, ನಿಜವಾಗಿಯೂ ಹಾಗೇ ನಂಬಿದ್ದಾರೆ. ನನಗೆ ಇದು ಗೊತ್ತಿರುವುದು ಹೇಗೆ ಅಂದರೆ, ಹಿಂದೊಮ್ಮೆ ನಾನೂ ಹೀಗೇ ನಕ್ಕಿದ್ದೆ. ನಮ್ಮ ನಾಯಿ ಮಕ್ಕಳು ಕಿವಿ ಎಳೆದರೂ ಸುಮ್ನೆ ಮಲಗಿರುತ್ತಿತ್ತು. ಒಂದು ಬೆಳಿಗ್ಗೆ ಅದರ ಹಲ್ಲಿನ ಸಂದಿಯಲ್ಲಿ ಉಣ್ಣೆ ಸಿಕ್ಕಿಕೊಂಡಿದ್ದು ಕಂಡಿತು. ದೂರು ಹೇಳಲು ಬಂದಿದ್ದವರ ಮನೆಗೆ ಅವತ್ತು ನಾನೇ ನಡೆದು ಹೋದೆ. ಮನೆಯಲ್ಲಿ ಸಾಧುವಾಗಿರುವ ನಾಯಿಗೆ ಓಡುವ ಪ್ರಾಣಿ ಕಂಡರೆ ಕಾಲು ನಿಲ್ಲುವುದಿಲ್ಲ. ಒಂದಕ್ಕೆ ಇನ್ನೊಂದು ಜೊತೆ ಸಿಕ್ಕರಂತೂ ಮುಗಿಯಿತು, ಒಬ್ಬೊಬ್ಬರೇ ಇದ್ದಾಗ ಮಾಡದ್ದನ್ನು ಎರಡು ಸೇರಿ ಮಾಡುತ್ತವೆ. ಹೊಟ್ಟೆ ತುಂಬಿದ್ದರೂ ಅಷ್ಟೇ. ಹಸಿವಿಗೂ ಇದಕ್ಕೂ ಸಂಬಂಧ ಇಲ್ಲ.

ಹಾಗಾಗಿ ಮಾತಿನಲ್ಲಿ ಗೆಲ್ಲಲು ಹೋಗಬೇಡಿ. ತೋರಿಸಿ. ಬೆಳಗಿನ ಜಾವವೇ ಬರುತ್ತವೆ ಎಂದು ಗೊತ್ತಿರುವುದರಿಂದ ಎರಡು ದಿನ ನಿದ್ದೆ ಬಿಟ್ಟು ಫೋನಿನಲ್ಲಿ ವಿಡಿಯೋ ಮಾಡಿ. ನಾಯಿಯ ಮುಖ, ಬಣ್ಣ, ಕೊರಳಪಟ್ಟಿ ಗುರುತಾಗುವಂತಿರಲಿ. ಒಂದು ನೋಟ್ ಪುಸ್ತಕದಲ್ಲಿ ತಾರೀಕು, ಹೊತ್ತು, ಏನಾಯಿತು ಎಂದು ಬರೆದಿಡಿ. ಆಮೇಲೆ ಸಿಟ್ಟು ಇಳಿದ ಹೊತ್ತು ನೋಡಿ ಹೋಗಿ. 'ನಿಮ್ಮ ನಾಯಿ ಕೆಟ್ಟದ್ದು' ಎನ್ನಬೇಡಿ. 'ರಾತ್ರಿ ಬಿಡುವುದನ್ನು ನಿಲ್ಲಿಸಿ, ಹತ್ತು ದಿನ ನೋಡೋಣ' ಎನ್ನಿ. ಕೇಳುವುದು ಒಂದೇ ಇರಲಿ, ಅದು ಅವರ ಕೈಯಲ್ಲಿ ಆಗುವಂಥದ್ದಾಗಿರಲಿ. ಆಗಲೂ ಕೇಳದಿದ್ದರೆ ಬರೆದು ಕೊಡಿ, ಅದರ ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಕಾನೂನು ಒಂದೊಂದು ಕಡೆ ಒಂದೊಂದು ಥರ, ಆದರೆ ನಾಯಿ ಮಾಡಿದ ನಷ್ಟಕ್ಕೆ ಸಾಕಿದವರು ಹೊಣೆ ಎನ್ನುವುದು ಅನೇಕ ಕಡೆ ಇದೆ. ಅಲ್ಲಿ ನಡೆಯುವುದು ನಿಮ್ಮ ನೋಟ್ ಪುಸ್ತಕ, ವಿಡಿಯೋ, ವೈದ್ಯರ ಚೀಟಿ. ಕೂಗಾಟ ನಡೆಯುವುದಿಲ್ಲ.

ಇನ್ನೊಂದು. ಕಚ್ಚಿದ್ದನ್ನು ನೋಡಿಲ್ಲ ಅಂದಿದ್ದೀರಿ. ಉಣ್ಣೆ ಸರಿಸಿ ನೋಡಿದ್ದೀರಾ? ಹಿಂಗಾಲಿನ ತೊಡೆ, ಕಿವಿ, ಕತ್ತು, ಪಕ್ಕೆ ಎಲ್ಲ ಬೆರಳಿನಿಂದ ತಡವಿ ನೋಡಬೇಕು. ಮೇಲೆ ಒಂದು ಸಣ್ಣ ತೂತು, ಒಳಗೆ ಮಾಂಸವೆಲ್ಲ ಹಿಂಡಿ ಹೋಗಿರುತ್ತದೆ. ನಾಲ್ಕು ದಿನಕ್ಕೆ ಕೀವು, ಆಮೇಲೆ ಹುಳ. ಗಾಯದ ಸುತ್ತ ಉಣ್ಣೆ ಕತ್ತರಿಸಿ, ತೊಳೆದು, ವೈದ್ಯರನ್ನು ಕರೆಸಿ. ಆಳದ ಗಾಯದಿಂದ ಧನುರ್ವಾಯು ಬರಬಹುದು, ಅದರ ಲಸಿಕೆಯನ್ನೂ ಕೇಳಿ.

ಪ್ರಶ್ನೆ: ಮಾತು ಎಲ್ಲ ಆಯಿತು. ಹನ್ನೊಂದು ಕೋಳಿ ಹೋದವು. ವಿಷ ಹಾಕಿಬಿಡೋಣ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ನೀವೇನಂತೀರಿ?

ಉತ್ತರ: ಬೇಡ. ಇಲಿ ಬಂತು ಅಂತ ಮನೆಗೆ ಬೆಂಕಿ ಹಚ್ಚುವ ಕೆಲಸ ಅದು. ವಿಷದ ತುತ್ತು ಯಾರ ಬಾಯಿಗೆ ಹೋಗುತ್ತದೆ ಎಂದು ನೀವು ತೀರ್ಮಾನಿಸಲು ಆಗುವುದಿಲ್ಲ. ಬೆಕ್ಕು, ಹದ್ದು, ನಿಮ್ಮದೇ ಉಳಿದ ಕೋಳಿ, ಅಂಗಳದಲ್ಲಿ ಆಡುವ ಮಗು, ಯಾರದಾದರೂ ಆಗಬಹುದು. ಸತ್ತ ನಾಯಿಯನ್ನು ತಿಂದ ಪ್ರಾಣಿಯೂ ಸಾಯಬಹುದು. ನಾಯಿ ಸಾಯುವ ಬಗೆಯೂ ಘೋರ. ಮತ್ತೆ ಇಷ್ಟು ದಿನ ತಪ್ಪು ಅವರದಿತ್ತು, ಅವತ್ತಿನಿಂದ ಅಪರಾಧಿ ನೀವಾಗುತ್ತೀರಿ.

ಕೋಳಿಗೆ ಬೇಕಾಗಿರುವುದು ಗಟ್ಟಿ ಗೂಡು. ಕೋಳಿಗೂಡಿನ ತೆಳ್ಳನೆ ಷಟ್ಕೋನ ಜಾಲರಿ ಕೋಳಿಯನ್ನು ಒಳಗೆ ಇಡುತ್ತದೆ, ನಾಯಿಯನ್ನು ಹೊರಗೆ ಇಡುವುದಿಲ್ಲ. ಅದನ್ನು ಹಲ್ಲಿನಿಂದ ಹರಿದು ಹಾಕುತ್ತವೆ. ಬೆಸುಗೆ ಹಾಕಿದ ದಪ್ಪ ತಂತಿಯ ಜಾಲರಿ ಹಾಕಿ. ನೆಲಕ್ಕೆ ಸೇರುವ ಕಡೆ ಇನ್ನೂ ಒಂದೂವರೆ ಎರಡು ಅಡಿ ಜಾಲರಿಯನ್ನು ಹೊರಮುಖವಾಗಿ ನೆಲದ ಮೇಲೇ ಹಾಸಿ, ಮೇಲೆ ಕಲ್ಲು ಹೇರಿ. ನಾಯಿ ಯಾವಾಗಲೂ ಬೇಲಿಯ ಬುಡದಲ್ಲೇ ಕೆರೆಯುತ್ತದೆ, ಎರಡು ಅಡಿ ಹಿಂದೆ ನಿಂತು ಸುರಂಗ ತೋಡುವ ಬುದ್ಧಿ ಅದಕ್ಕೆ ಹೊಳೆಯುವುದಿಲ್ಲ. ಈ ಉಪಾಯ ಕುರಿ, ಮೇಕೆ ದೊಡ್ಡಿಗೂ ಆಗುತ್ತದೆ.

ಝಟ್ಕಾ ಬೇಲಿಯ ಬಗ್ಗೆ ಮೂವರು ಕೇಳಿದ್ದಾರೆ. ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಕೆಳಗಿನ ತಂತಿ ನೆಲದಿಂದ 15ರಿಂದ 20 ಸೆಂಟಿಮೀಟರ್ ಎತ್ತರದಲ್ಲಿ, ಜಾಲರಿಯ ಹೊರಗಡೆ ಇರಬೇಕು. ನಾಯಿ ಮೊದಲು ಮೂಗು ಇಡುವುದು ಅಲ್ಲೇ. ಹುಲ್ಲು ಬೆಳೆದು ತಂತಿಗೆ ತಾಗಿದರೆ ಕರೆಂಟು ನೆಲಕ್ಕೆ ಇಳಿದುಹೋಗಿ ಬೇಲಿ ಬರೀ ಅಲಂಕಾರ ಆಗುತ್ತದೆ, ಆದ್ದರಿಂದ ಬುಡ ಸವರುತ್ತಿರಿ. ಬೇಲಿಗೆಂದೇ ಮಾಡಿದ ಯಂತ್ರವನ್ನೇ ಹಾಕಿಸಿ. ಅದು ಸೆಕೆಂಡಿಗೆ ಒಂದರಂತೆ ಕ್ಷಣಮಾತ್ರದ ಹೊಡೆತ ಕೊಟ್ಟು ಬಿಡುತ್ತದೆ. ಮನೆಯ ಲೈನಿನಿಂದ ನೇರ ತಂತಿ ಎಳೆದವರಿದ್ದಾರೆ. ಅದು ಬೇಲಿ ಅಲ್ಲ, ಕೊಲೆ. ಕೊಂಬಿನ ಮೇಕೆ ಇರುವವರು ಬಲೆಯಂಥ ಝಟ್ಕಾ ಬೇಲಿ ಹಾಕಬೇಡಿ, ಕೊಂಬು ಸಿಕ್ಕಿಕೊಂಡು ಒದ್ದಾಡುತ್ತವೆ.

ಪ್ರಶ್ನೆ: ಪಕ್ಕದ ಮನೆಯ ನಾಯಿ ನಮ್ಮ ಕರುವಿನ ಕಾಲಿಗೆ ಕಚ್ಚಿದೆ. ರಕ್ತ ಬಂದಿತ್ತು, ಈಗ ಒಣಗಿದೆ. ಕರು ಚೆನ್ನಾಗಿಯೇ ಇದೆ. ಸುಮ್ಮನಿರಬಹುದಾ?

ಉತ್ತರ: ಖಂಡಿತ ಇಲ್ಲ. ಓದಿದ ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ. ಹುಚ್ಚುನಾಯಿ ರೋಗ ಗಾಯ ಒಣಗಿದ ಮೇಲೆ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ತಲೆಯೆತ್ತುತ್ತದೆ. ಲಕ್ಷಣ ಕಾಣಿಸಿದ ಮೇಲೆ ಅದಕ್ಕೆ ಮದ್ದಿಲ್ಲ. ಕಚ್ಚಿದ ತಕ್ಷಣ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕಿತ್ತು, ಕೈಗವಸು ಹಾಕಿಕೊಂಡು. ಅದು ಆಗಿಲ್ಲದಿದ್ದರೂ ಲಸಿಕೆಯ ದಾರಿ ಇನ್ನೂ ಇದೆ, ತಡ ಮಾಡಬೇಡಿ.

ಜೊತೆಗೇ ಪಕ್ಕದ ಮನೆಗೆ ಹೋಗಿ ಎರಡು ವಿಷಯ ಕೇಳಿ. ನಾಯಿಗೆ ರೇಬಿಸ್ ಲಸಿಕೆ ಹಾಕಿಸಿದ್ದಾರಾ, ಚೀಟಿ ಇದೆಯಾ? ನಾಯಿಯನ್ನು ಹತ್ತು ದಿನ ಕಟ್ಟಿಹಾಕಿ ಗಮನಿಸುತ್ತಾರಾ? ಹತ್ತು ದಿನ ಕಳೆದರೂ ಅದು ಚೆನ್ನಾಗಿದ್ದರೆ ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ರೋಗ ಇರಲಿಲ್ಲ ಎಂದು ಅರ್ಥ. ಹಾಗಂತ ಲಸಿಕೆಯನ್ನು ಹತ್ತು ದಿನ ಮುಂದೂಡಬೇಡಿ, ಎರಡೂ ಒಟ್ಟಿಗೆ ನಡೆಯಲಿ. ಸಿಟ್ಟಿನಲ್ಲಿ ನಾಯಿಯನ್ನು ಹೊಡೆದು ಓಡಿಸಿದರೆ ಈ ಸುಳಿವೂ ಕೈತಪ್ಪುತ್ತದೆ.

ಮುಂದೆ ಯಾವತ್ತಾದರೂ ಕರು ಜೊಲ್ಲು ಸುರಿಸಿ, ನುಂಗಲು ಕಷ್ಟಪಡುತ್ತಾ, ವಿಚಿತ್ರವಾಗಿ ಕೂಗಿದರೆ ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕಬೇಡಿ. ಎಷ್ಟೋ ಜನ ತಮ್ಮನ್ನು ಅಪಾಯಕ್ಕೆ ಒಡ್ಡಿಕೊಂಡಿರುವುದು ಹೀಗೇ. ಹಾಲು ಕೊಡುವ ಹಸುವಿಗೆ ಕಚ್ಚಿದ್ದರೆ ಏನು ಎಂದು ಇನ್ನೊಬ್ಬರು ಕೇಳಿದ್ದಾರೆ. ಹಸಿ ಹಾಲು ಕುಡಿಯಬೇಡಿ, ಉಳಿದದ್ದು ವೈದ್ಯರು ಹೇಳಿದಂತೆ.

ಪ್ರಶ್ನೆ: ನಾನು ಆ ಕಡೆಯವನು, ಅಂದರೆ ನಾಯಿಯ ಕಡೆಯವನು. ನಮ್ಮ ನಾಯಿ ಪಕ್ಕದವರ ಮೇಕೆಗಳನ್ನು ಎರಡು ಸಲ ಓಡಿಸಿದೆ. ನನಗೆ ನಾಚಿಕೆಯಾಗಿದೆ. ಬುದ್ಧಿ ಕಲಿಸಬಹುದಾ?

ಉತ್ತರ: ಮೊದಲು ಕೈ ಮುಗಿಯುತ್ತೇನೆ. ಈ ಕಾಗದ ಬರೆಯುವ ನಾಯಿಯ ಕಡೆಯವರು ಅಪರೂಪ.

ನಿಜ ಹೇಳಬೇಕೆಂದರೆ, ಓಡಿಸುವುದರ ರುಚಿ ಕಂಡ ನಾಯಿಯನ್ನು ಮತ್ತೆ ನಂಬಿ ಬಿಚ್ಚಿ ಬಿಡಲು ಆಗುವುದಿಲ್ಲ. ಓಟವೇ ಅದಕ್ಕೆ ಬಹುಮಾನ. ಮನೆಗೆ ಬಂದ ಮೇಲೆ ಹೊಡೆದರೆ ಅದಕ್ಕೆ ಅರ್ಥವಾಗುವುದು ಮನೆಗೆ ಬಂದಿದ್ದು ತಪ್ಪು ಎಂದು. ಸತ್ತ ಕೋಳಿಯನ್ನು ಕುತ್ತಿಗೆಗೆ ಕಟ್ಟುವ ಹಳೇ ವಿದ್ಯೆಯೂ ಬೇಡ, ನಾಯಿಗೆ ಹಿಂಸೆ, ಪಾಠ ಮಾತ್ರ ಸೊನ್ನೆ. ಗಂಡು ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿಸಿದರೆ ಊರು ಸುತ್ತುವುದು ಕಡಿಮೆಯಾಗಬಹುದು, ಅಟ್ಟುವ ಗುಣ ಹೋಗುವುದಿಲ್ಲ. ಮಾಡಬಹುದಾದದ್ದು ಇಷ್ಟು: ಹಗಲು ಕಟ್ಟಿ ರಾತ್ರಿ ಬಿಡುವ ಅಭ್ಯಾಸ ನಿಲ್ಲಿಸಿ. ದಿನಕ್ಕೆ ಎರಡು ಹೊತ್ತು ಉದ್ದನೆ ಹಗ್ಗದಲ್ಲಿ ನಡೆಸಿ, ಮೈ ದಣಿಯಲಿ. ಮೇಕೆಗಳು ದೂರದಲ್ಲಿ ಕಾಣುವ ಕಡೆ ನಿಂತು, ಅವನ್ನು ಬಿಟ್ಟು ನಿಮ್ಮ ಮುಖ ನೋಡಿದಾಗೆಲ್ಲ ತಿನ್ನಲು ಏನಾದರೂ ಕೊಡಿ, ವಾರಗಟ್ಟಲೆ ಮಾಡಿ, ನಿಧಾನವಾಗಿ ಹತ್ತಿರ ಹೋಗಿ. ಇಷ್ಟಾದ ಮೇಲೂ ಹಗ್ಗ ಬಿಚ್ಚಬೇಡಿ. ಆ ಎರಡು ಸಲದ ಬಗ್ಗೆ ಪಕ್ಕದವರಿಗೆ ನೀವೇ ಹೇಳಿಬಿಡಿ, ಬೇರೆಯವರ ಬಾಯಿಂದ ಗೊತ್ತಾಗುವ ಮೊದಲು.

ಪ್ರಶ್ನೆ: ಕತ್ತೆ ಸಾಕಿದರೆ ನಾಯಿ ಹತ್ತಿರ ಬರುವುದಿಲ್ಲವಂತೆ, ನಿಜವಾ? ಅಥವಾ ಕಾವಲಿಗೆ ನಾಯಿಯನ್ನೇ ತರುವುದು ಒಳ್ಳೆಯದಾ?

ಉತ್ತರ: ನಗಬೇಡಿ, ಕತ್ತೆಯ ಮಾತು ನಿಜ. ಕತ್ತೆಗೆ ನಾಯಿ ಜಾತಿಯ ಮೇಲೆ ಹುಟ್ಟುಸಿಟ್ಟು, ಕೂಗಿ, ಅಟ್ಟಿಸಿ, ಒದೆಯುತ್ತದೆ. ಒಂದೇ ಕತ್ತೆ ಇರಬೇಕು, ಎರಡಿದ್ದರೆ ಅವೆರಡೂ ಹರಟೆಗೆ ನಿಂತು ಕುರಿಯನ್ನು ಮರೆಯುತ್ತವೆ. ಬೀಜದ ಗಂಡು ಬೇಡ, ಕುರಿಗಳಿಗೇ ಒದ್ದೀತು. ಎಲ್ಲ ಕತ್ತೆಯೂ ಕಾವಲಿಗೆ ನಿಲ್ಲುವುದಿಲ್ಲ, ಮೂರು ನಾಲ್ಕು ನಾಯಿ ಗುಂಪಾಗಿ ಬಂದರೆ ಅದೂ ಸೋಲುತ್ತದೆ. ಕಾವಲು ನಾಯಿ ಬೇಕೆಂದರೆ ಕಂಗಾಲ್, ಮರೆಮ್ಮಾ ಥರದ ತಳಿಗಳಿವೆ. ನಮೀಬಿಯಾದಲ್ಲಿ 1994ರಿಂದ ರೈತರಿಗೆ ಅನಟೋಲಿಯಾದ ಕಾವಲು ನಾಯಿ ಕೊಟ್ಟು ಬೆಕ್ಕಿನ ಕುಟುಂಬದ ಚೀತಾಗಳಿಂದ ಮಂದೆಯನ್ನೂ, ರೈತರ ಗುಂಡಿನಿಂದ ಚೀತಾಗಳನ್ನೂ ಉಳಿಸುತ್ತಿದ್ದಾರೆ. ಆದರೆ ಅವು ಮರಿಯಿಂದಲೇ ಕುರಿಗಳ ನಡುವೆ ಬೆಳೆಯಬೇಕು. ಯಾವುದೋ ದೊಡ್ಡ ನಾಯಿ ತಂದು ಮಂದೆಗೆ ಬಿಟ್ಟರೆ ನಿಮ್ಮ ತೊಂದರೆಗೆ ಇನ್ನೊಂದು ಸೇರಿತು ಅಷ್ಟೇ.

ಪ್ರಶ್ನೆ: ನಾಯಿಗಳು ಬಂದು ಬೊಗಳಿದ ದಿನ ನಮ್ಮ ಹಸು ಹಾಲು ಕಡಿಮೆ ಕೊಡುತ್ತದೆ. ಇದು ನಮ್ಮ ಭ್ರಮೆಯಾ?

ಉತ್ತರ: ಭ್ರಮೆ ಅಲ್ಲ. ಹೆದರಿದ ಹಸುವಿನ ಮೈಯಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಏರುತ್ತದೆ, ಅದು ಸೊರ ಬಿಡಿಸುವ, ಅಂದರೆ ಹಾಲು ಇಳಿಸುವ ಹಾರ್ಮೋನಾದ ಆಕ್ಸಿಟೋಸಿನ್‌ಗೆ ಅಡ್ಡ ನಿಲ್ಲುತ್ತದೆ. ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಅರ್ಧ ಗಂಟೆ ಬಿಟ್ಟು, ಶಾಂತವಾದ ಮೇಲೆ ಕರೆಯಿರಿ. ಎಳೆಗರು ಇರುವ ಹಸುವಿನ ಪಕ್ಕ ನಾಯಿ ಬಂದಾಗ ನೀವು ನಡುವೆ ನಿಲ್ಲಬೇಡಿ, ಅದು ನಾಯಿಗೆ ಹಾಯಲು ಹೋಗಿ ನಿಮಗೆ ಹಾಯ್ದೀತು.

ಪ್ರಶ್ನೆ: ಕರು ಹಾಕಿದಾಗಲೆಲ್ಲ ಮಾಸನ್ನು ಕೊಟ್ಟಿಗೆ ಹಿಂದೆ ಎಸೆಯುತ್ತೇವೆ. ಪಕ್ಕದ ನಾಯಿ ತಪ್ಪದೇ ಬಂದು ತಿನ್ನುತ್ತದೆ. ಈಗೀಗ ಕರುಗಳ ಸುತ್ತಲೂ ಸುಳಿಯುತ್ತಿದೆ. ಅದನ್ನು ಓಡಿಸುವುದು ಹೇಗೆ?

ಉತ್ತರ: ಎಸೆಯುವುದನ್ನು ನಿಲ್ಲಿಸಿ. ದಾರಿ ತೋರಿಸಿದವರು ನೀವೇ ಅಲ್ವಾ! ಇದರಲ್ಲಿ ಇನ್ನೊಂದು ಅಪಾಯವೂ ಇದೆ. ನಿಯೋಸ್ಪೊರಾ ಎಂಬ ಪರಾವಲಂಬಿ ಜೀವಿ ಇರುವ ಹಸುವಿನ ಮಾಸು ತಿಂದ ನಾಯಿ, ಅದರ ಮೊಟ್ಟೆಯಂಥ ಬೀಜಗಳನ್ನು ತನ್ನ ಮಲದ ಜೊತೆ ಮೇವಿನ ಮೇಲೆ, ನೀರಿನ ತೊಟ್ಟಿಯ ಹತ್ತಿರ ಹಾಕಿ ಹೋಗುತ್ತದೆ. ಅದನ್ನು ತಿಂದ ಗಬ್ಬದ ಹಸು ಕಂದು ಹಾಕಬಹುದು. ನಾಯಿಯ ಮೂಲಕ ಇದು ಹರಡುತ್ತದೆ ಎನ್ನುವುದು 1998ರಲ್ಲಿ ಖಚಿತವಾಯಿತು. ಕುರಿ ಕಡಿದಾಗ ಹಸಿ ಕರುಳು, ಪಿತ್ತಜನಕಾಂಗ ನಾಯಿಗೆ ಹಾಕುವುದೂ ಬೇಡ, ಅದರಿಂದ ಬರುವ ಲಾಡಿಹುಳ ಮನುಷ್ಯರ ಹೊಟ್ಟೆಯಲ್ಲೂ ನೀರುಗುಳ್ಳೆ ಕಟ್ಟಿಸುತ್ತದೆ. ಮಾಸನ್ನು ಬಾವಿ, ಹಳ್ಳದಿಂದ ದೂರ ಆಳದ ಗುಂಡಿಯಲ್ಲಿ ಹೂತು, ಮೇಲೆ ಮಣ್ಣು ತುಳಿದು, ದೊಡ್ಡ ಕಲ್ಲು ಇಡಿ. ಮೇವಿನ ಬಣವೆಗೂ ನಾಯಿ ಹತ್ತದಂತೆ ಬೇಲಿ ಹಾಕಿ. ಮೊದಲ ಕೆಲವು ದಿನ ಆ ನಾಯಿ ಹಳೇ ಜಾಗಕ್ಕೆ ಬಂದು ಮೂಸಿ ಹೋಗುತ್ತದೆ, ಬರಲಿ ಬಿಡಿ, ಏನೂ ಸಿಗದಿದ್ದರೆ ತಾನೇ ಬರುವುದು ಕಡಿಮೆ ಮಾಡುತ್ತದೆ.