ಕ್ರೂಸ್‌ನಿಂದ ಬೇರೆ ದೇಶದ ಬಂದರಿನಲ್ಲಿ ಇಳಿದು ಸುತ್ತಾಡುವಾಗ ಪಾಸ್‌ಪೋರ್ಟ್ ಒಯ್ಯಬೇಕಾ?

ಹಡಗಿನವರು ಪ್ರತಿ ಪ್ರಯಾಣಿಕರಿಗೂ ಕೊಡುವ ಗುರುತಿನ ಕಾರ್ಡ್ ಅಂತೂ ಬೇಕೇ ಬೇಕು. ಇಳಿಯುವಾಗಲೂ ಹತ್ತುವಾಗಲೂ ಅದನ್ನೇ ಸ್ಕ್ಯಾನ್ ಮಾಡುತ್ತಾರೆ. ಪಾಸ್‌ಪೋರ್ಟ್ ವಿಷಯ ಬಂದರಿನಿಂದ ಬಂದರಿಗೆ ಬೇರೆ, ಹಿಂದಿನ ದಿನವೇ ಹಡಗಿನ ಸಿಬ್ಬಂದಿಯನ್ನು ಕೇಳಿಕೊಳ್ಳಿ. ಕಡ್ಡಾಯ ಇಲ್ಲದಿದ್ದರೆ ನಾನು ರೂಮಿನ ಲಾಕರ್‌ನಲ್ಲೇ ಇಡುತ್ತೇನೆ. ಬೀಚು, ಮಾರ್ಕೆಟ್ಟು ಅಂತ ಸುತ್ತುವಾಗ ಕಳೆದುಹೋದರೆ ಕಷ್ಟ ಜಾಸ್ತಿ ಅಲ್ವಾ? ಭಾರತೀಯ ರಾಯಭಾರ ಕಚೇರಿ ಕೊಡುವ ತುರ್ತು ಪ್ರಮಾಣಪತ್ರ ಊರಿಗೆ ವಾಪಸ್ ಬರಲು ಮಾತ್ರ, ಅದನ್ನಿಟ್ಟುಕೊಂಡು ಪ್ರವಾಸ ಮುಂದುವರಿಸಲು ಆಗುವುದಿಲ್ಲ.

ಆದರೆ ಹಡಗಿನವರ ಟೂರ್ ಬಿಟ್ಟು ನೀವೇ ಟ್ಯಾಕ್ಸಿ ಮಾಡಿಕೊಂಡು ದೂರ ಹೋಗುತ್ತೀರಾ? ಆಗ ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ. ಹಡಗು ತಪ್ಪಿದರೆ ಮುಂದಿನ ಬಂದರಿಗೆ ವಿಮಾನ ಹತ್ತಲು ಅದೇ ಬೇಕು. ಉಳಿದಂತೆ ಪಾಸ್‌ಪೋರ್ಟ್, ವೀಸಾ ಪುಟಗಳ ಜೆರಾಕ್ಸ್ ಮತ್ತು ಫೋಟೊ ಇರುವ ಡ್ರೈವಿಂಗ್ ಲೈಸೆನ್ಸ್ ಇಟ್ಟುಕೊಳ್ಳಿ. ಕೆಲವು ಬಂದರಿನ ಗೇಟಿನಲ್ಲಿ ಕಾರ್ಡ್ ಜೊತೆ ಫೋಟೊ ಐಡಿಯನ್ನೂ ಕೇಳುತ್ತಾರೆ.