ಜನಮತಗಣನೆಯೂ ಚುನಾವಣೆಯೂ ಒಂದೇ ದಿನ: ಆಕ್ಷೇಪವೇಕೆ?

ಪ್ರಶ್ನೆ: 2024ರ ಮೇ 7ರಂದು ನಮ್ಮ ಸುರಪುರದಲ್ಲಿ ಲೋಕಸಭೆಗೂ ವಿಧಾನಸಭಾ ಉಪಚುನಾವಣೆಗೂ ಒಟ್ಟಿಗೇ ಮತ ಹಾಕಿ ಬಂದೆವು, ಗೊಂದಲವೇನೂ ಆಗಲಿಲ್ಲ. ಹೊರದೇಶಗಳಲ್ಲಿ ಜನಮತಗಣನೆಯನ್ನು ಪ್ರಾಂತೀಯ ಚುನಾವಣೆಯ ದಿನವೇ ಇಟ್ಟರೆ ಆಕ್ಷೇಪ ಏಳುವುದೇಕೆ? ಖರ್ಚು ಉಳಿಯುವುದಿಲ್ಲವೇ?
(ಓದುಗರು, ಸುರಪುರ, ಯಾದಗಿರಿ ಜಿಲ್ಲೆ)

ಉತ್ತರ: ಖರ್ಚು ಉಳಿಯುವುದು ನಿಜ. ನಮ್ಮ ಕಡೆಯ ಮೇ ತಿಂಗಳ ಬಿಸಿಲನ್ನು ಬಲ್ಲ ಯಾರೂ ಎರಡೆರಡು ಸಲ ಸರದಿಯಲ್ಲಿ ನಿಲ್ಲಿ ಎನ್ನಲಾರರು. ಆದರೆ ಸುರಪುರದ ಎರಡೂ ಯಂತ್ರಗಳು ನಿಮ್ಮನ್ನು ಕೇಳಿದ್ದು ಒಂದೇ ಬಗೆಯ ಪ್ರಶ್ನೆ: ಯಾರನ್ನು ಕಳುಹಿಸುತ್ತೀರಿ? ಜನಮತಗಣನೆ ಕೇಳುವುದು ಒಂದು ವಿಷಯ ಬೇಕೋ ಬೇಡವೋ ಎಂದು. ಅದರಲ್ಲಿ ಒಂದೇ ಪಕ್ಷದವರೂ ಎರಡಾಗಿ ಒಡೆಯಬಹುದು.

ಬ್ರಿಟನ್‌ನಲ್ಲಿ 2011ರ ಮೇ 5ರಂದು ಸಂಸತ್ ಚುನಾವಣೆಯ ಮತದಾನ ಪದ್ಧತಿಯನ್ನು ಬದಲಿಸಬೇಕೇ ಎಂಬ ಜನಮತಗಣನೆಯೂ ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್‌ಗಳ ಶಾಸನಸಭಾ ಚುನಾವಣೆಗಳೂ ಒಟ್ಟಿಗೆ ನಡೆದವು. ದೇಶದಾದ್ಯಂತ ಮತದಾನ ಸುಮಾರು ಶೇ 42ರಷ್ಟಿದ್ದರೆ, ಬೇರೆ ಚುನಾವಣೆ ಇಲ್ಲದ ಲಂಡನ್‌ನಲ್ಲಿ ಅದು ಶೇ 35ರ ಆಸುಪಾಸಿನಲ್ಲಿತ್ತು. ಉತ್ತರ ಐರ್ಲೆಂಡ್‌ನಲ್ಲಿ ಶೇ 55 ದಾಟಿತ್ತು. ಇಡೀ ದೇಶದ ಪ್ರಶ್ನೆಗೆ ಕೆಲವು ಪ್ರದೇಶಗಳ ದನಿ ಹೆಚ್ಚು ತೂಗುವುದು ಹೀಗೆ. ಅಂದು ಸುಮಾರು ಶೇ 68 ಮಂದಿ ಬದಲಾವಣೆ ಬೇಡವೆಂದ ಕಾರಣ ಫಲಿತಾಂಶ ವಿವಾದಕ್ಕೆ ಸಿಲುಕಲಿಲ್ಲ. ಅಂತರ ಕೂದಲೆಳೆಯಷ್ಟಿದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು.

ಇಟಲಿಯ ಲೆಕ್ಕ ಇನ್ನೂ ಸೂಕ್ಷ್ಮವಾದುದು. ಅಲ್ಲಿ ಇರುವ ಕಾನೂನೊಂದನ್ನು ರದ್ದುಪಡಿಸುವ ಜನಮತಗಣನೆ ಊರ್ಜಿತವಾಗಲು ಅರ್ಧಕ್ಕಿಂತ ಹೆಚ್ಚು ಮತದಾರರು ಭಾಗವಹಿಸಲೇಬೇಕಾದ್ದರಿಂದ, ಚುನಾವಣೆಯ ದಿನಕ್ಕೆ ಅದನ್ನು ಜೋಡಿಸುವುದೇ ಫಲಿತಾಂಶದ ಮೇಲೆ ಕೈಯಿಟ್ಟಂತೆ. 2020ರ ಸೆಪ್ಟೆಂಬರ್‌ನಲ್ಲಿ ಏಳು ಪ್ರಾಂತಗಳ ಚುನಾವಣೆಯೊಂದಿಗೆ ನಡೆದದ್ದು ಸಂಸದರ ಸಂಖ್ಯೆಯನ್ನು 945ರಿಂದ 600ಕ್ಕೆ ಇಳಿಸುವ ಸಂವಿಧಾನ ತಿದ್ದುಪಡಿಯ ಜನಮತಗಣನೆ. ಅದಕ್ಕೆ ಈ ಷರತ್ತು ಅನ್ವಯಿಸುತ್ತಿರಲಿಲ್ಲ.

ನನ್ನ ಒಲವು ದಿನಗಳನ್ನು ಬೇರ್ಪಡಿಸುವುದರ ಕಡೆಗೇ ಇದೆ, ಅದಕ್ಕೆ ಕಾರಣ ನಮ್ಮ ನೆರೆಯ ಗೋವಾ. ಜನಮತಗಣನೆಗೆ ನಮ್ಮ ಸಂವಿಧಾನದಲ್ಲಿ ಪ್ರತ್ಯೇಕ ಅವಕಾಶವಿಲ್ಲದ ಕಾರಣ ಮಹಾರಾಷ್ಟ್ರದೊಂದಿಗೆ ವಿಲೀನವಾಗಬೇಕೇ ಎಂದು ಅಲ್ಲಿನ ಜನರನ್ನು ಕೇಳಲು ವಿಶೇಷ ಕಾಯ್ದೆಯನ್ನೇ ಮಾಡಬೇಕಾಯಿತು. ಮತದಾನ ನಿಷ್ಪಕ್ಷಪಾತವಾಗಿರಲೆಂದು ದಯಾನಂದ ಬಾಂದೋಡಕರ್ ಸರ್ಕಾರ ಮೊದಲೇ ರಾಜೀನಾಮೆ ಕೊಟ್ಟಿತು. 1967ರ ಜನವರಿ 16ರಂದು ಹೂವಿನ ಗುರುತು ಮಹಾರಾಷ್ಟ್ರದೊಂದಿಗಿನ ವಿಲೀನಕ್ಕೆ, ಎರಡೆಲೆಯ ಗುರುತು ಪ್ರತ್ಯೇಕವಾಗಿ ಉಳಿಯುವುದಕ್ಕೆ. ವಿಲೀನ 34,021 ಮತಗಳ ಅಂತರದಿಂದ ಸೋತಿತು. ಆಮೇಲೆ ಮಾರ್ಚ್‌ನಲ್ಲಿ ವಿಧಾನಸಭಾ ಚುನಾವಣೆ ಬಂದಾಗ ಅದೇ ಜನ ವಿಲೀನವಾದಿ ಬಾಂದೋಡಕರ್ ಅವರ ಪಕ್ಷವನ್ನೇ ಗೆಲ್ಲಿಸಿ, ಅವರನ್ನು ಮತ್ತೆ ಮುಖ್ಯಮಂತ್ರಿಯ ಕುರ್ಚಿಯಲ್ಲಿ ಕೂರಿಸಿದರು.